ಟೈ ರಾಡ್ ಎಂಡ್ ಮನೆಯಲ್ಲೇ ಬದಲಿಸಬಹುದಾ? ಎಲ್ಲಿಯವರೆಗೆ ಕೈ ಹಾಕಬೇಕು, ಎಲ್ಲಿ ನಿಲ್ಲಿಸಬೇಕು

ಪ್ರಶ್ನೆ: ನನ್ನದು 2012ರ ವ್ಯಾಗನ್ ಆರ್. ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ. ನಮ್ಮ ಮನೆ ಸಾಗರ ಪೇಟೆಯಿಂದ ಒಳಗೆ, ಕೊನೆಯ ಒಂದಿಷ್ಟು ದೂರ ಬರೀ ಕಲ್ಲು ದಾರಿ. ಈಗ ಕೆಲವು ತಿಂಗಳಿಂದ ಗುಂಡಿಗೆ ಇಳಿದರೆ ಮುಂದೆ ಎಡಗಡೆ ಟಕ್ ಅನ್ನುತ್ತದೆ. ಸ್ಟೀರಿಂಗ್ ಸ್ವಲ್ಪ ಸಡಿಲ ಅನಿಸುತ್ತದೆ. ಎಡಗಡೆ ಟೈರಿನ ಒಂದು ಅಂಚು ಬೇಗ ಸವೆದಿದೆ. ಗ್ಯಾರೇಜಿನಲ್ಲಿ ಕೇಳಿದರೆ ಟೈ ರಾಡ್ ಎಂಡ್, ರ್ಯಾಕ್ ಎಂಡ್, ಎರಡೂ ಕಡೆ ಲೋವರ್ ಆರ್ಮ್, ಜೊತೆಗೆ ಸ್ಟೀರಿಂಗ್ ರ್ಯಾಕ್ ಕೂಡ ಹಾಕಿಸಿ ಅಂದರು. ಆಯಿಲ್, ಬ್ರೇಕ್ ಪ್ಯಾಡ್ ನಾನೇ ಬದಲಿಸುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ? ಅಲೈನ್‌ಮೆಂಟ್ ಕೆಡುತ್ತದಾ?

ಉತ್ತರ: ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗಿನ ತಿರುಗನ್ನು ಚಕ್ರಕ್ಕೆ ಮುಟ್ಟಿಸುವ ಜಾಯಿಂಟ್, ನೀವೇ ಬದಲಿಸಬಹುದು. ಬ್ರೇಕ್ ಪ್ಯಾಡ್ ಹಾಕಿದ ಕೈಗೆ ಅದು ಕಷ್ಟದ ಕೆಲಸ ಅಲ್ಲ. ಲೋವರ್ ಆರ್ಮ್ ಕೂಡ ಸರಿಯಾದ ಸಾಮಾನು ಇದ್ದರೆ ಆಗುತ್ತದೆ, ಆದರೆ ಮೊದಲ ಸಲಕ್ಕೇ ಅದಕ್ಕೆ ಕೈ ಹಾಕಬೇಡಿ. ರ್ಯಾಕ್ ಎಂಡ್ ಮತ್ತು ರ್ಯಾಕ್ ಗ್ಯಾರೇಜಿಗೇ ಬಿಡಿ. ಅಲೈನ್‌ಮೆಂಟ್ (ಚಕ್ರಗಳು ನೇರ ನಿಲ್ಲುವ ಹೊಂದಿಕೆ) ಖಂಡಿತ ಕೆಡುತ್ತದೆ, ಎಷ್ಟು ಹುಷಾರಾಗಿ ಮಾಡಿದರೂ. ಹಾಗಾಗಿ ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಅಂಗಡಿಗೆ ಹೋಗಲೇಬೇಕು.

ಇಷ್ಟೆಲ್ಲ ಆಮೇಲಿನ ಮಾತು. ಅದಕ್ಕೂ ಮೊದಲು ಏನು ಹಾಳಾಗಿದೆ ಅನ್ನುವುದು ಗೊತ್ತಾಗಬೇಕು. ಗ್ಯಾರೇಜಿನವರು ಕೊಟ್ಟ ಪಟ್ಟಿ ನೋಡಿದರೆ ಅದನ್ನು ಅವರೂ ಹುಡುಕಿದ ಹಾಗಿಲ್ಲ. ಎಲ್ಲವನ್ನೂ ಬದಲಿಸಿದರೆ ಸದ್ದು ಹೋಗೇ ಹೋಗುತ್ತದೆ, ಸರಿ. ಆದರೆ ಕೆಲವು ನೂರು ರೂಪಾಯಿಯ ಒಂದು ಜಾಯಿಂಟಿನ ಜೊತೆ ಸಾವಿರಾರು ರೂಪಾಯಿಯ ರ್ಯಾಕ್ ಕೂಡ ಸುಮ್ನೆ ಹೋಗಬೇಕಾ?

ಮೊದಲು ಯಾವುದು ಎಲ್ಲಿದೆ ನೋಡೋಣ. ನೀವು ಸ್ಟೀರಿಂಗ್ ತಿರುಗಿಸಿದಾಗ ರ್ಯಾಕ್ ಅನ್ನುವ ಹಲ್ಲಿನ ಸರಳು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದರ ಎರಡು ತುದಿಗೆ ಒಂದೊಂದು ಗುಂಡು ಜಾಯಿಂಟ್ ಇರುತ್ತದೆ. ಅದೇ ರ್ಯಾಕ್ ಎಂಡ್. ಸುಕ್ಕುಸುಕ್ಕಾದ ರಬ್ಬರ್ ಬೂಟಿನ ಒಳಗೆ ಅಡಗಿರುವುದರಿಂದ ಹೊರಗೆ ಕಾಣುವುದಿಲ್ಲ. ಅಲ್ಲಿಂದ ಹೊರಟ ರಾಡಿನ ಹೊರತುದಿಗೆ ಥ್ರೆಡ್ ಮೇಲೆ ಕೂತಿರುವುದು ಟೈ ರಾಡ್ ಎಂಡ್. ಅದರಿಂದ ಚಾಚಿದ ಮೊಳೆಯಂಥ ಸ್ಟಡ್, ಚಕ್ರದ ಹಿಂದೆ ಅದನ್ನು ಹೊತ್ತ ಲೋಹದ ತುಂಡಾದ ನಕಲ್‌ನ ಕಿವಿಗೆ ಸೇರಿ, ಚಕ್ರವನ್ನು ತಿರುಗಿಸುತ್ತದೆ. ಕಾರಿನ ಅಡಿಯಿಂದ ಚಕ್ರದವರೆಗೆ ಚಾಚಿದ ಲೋವರ್ ಆರ್ಮಿನ ತುದಿಯ ಬಾಲ್ ಜಾಯಿಂಟ್ ಕೆಲಸ ಬೇರೆ. ನಕಲ್‌ನ ಕೆಳತುದಿಯನ್ನು ಅದರ ಜಾಗದಲ್ಲಿ ಹಿಡಿದುಕೊಳ್ಳುವುದು ಅದು. ಟೈ ರಾಡ್ ಎಂಡ್ ಕಳಚಿದರೆ ಒಂದು ಚಕ್ರ ನಿಮ್ಮ ಮಾತು ಕೇಳುವುದಿಲ್ಲ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಂಡು ಕಾರು ನೆಲಕ್ಕೆ ಕೂರುತ್ತದೆ. ಎರಡರಲ್ಲಿ ಯಾವುದರಲ್ಲಾದರೂ ಪ್ಲೇ, ಅಂದರೆ ಸಡಿಲದ ಆಟ, ಜಾಸ್ತಿ ಇದ್ದರೆ ಆ ಕಾರನ್ನು ಓಡಿಸಬಾರದು.

ಪರೀಕ್ಷೆಗೆ ಇಬ್ಬರು ಬೇಕು. ಕಾರು ನೆಲದ ಮೇಲೇ ಇರಲಿ, ಜಾಕ್ ಬೇಡ. ಹ್ಯಾಂಡ್‌ಬ್ರೇಕ್ ಹಾಕಿ. ಕೀ ಹಾಕಿ ಸ್ಟೀರಿಂಗ್ ಲಾಕ್ ಬಿಡಿಸಿ, ಎಂಜಿನ್ ಬಂದ್ ಇರಲಿ. ಮನೆಯವರೊಬ್ಬರು ಒಳಗೆ ಕೂತು ಸ್ಟೀರಿಂಗನ್ನು ಆ ಕಡೆ ಈ ಕಡೆ ಚೂರೇ ಚೂರು ಅಲ್ಲಾಡಿಸುತ್ತಿರಲಿ, ಚಕ್ರ ತಿರುಗುವಷ್ಟಲ್ಲ. ನೀವು ಮುಂದಿನ ಚಕ್ರದ ಹಿಂದೆ ಕೈ ಹಾಕಿ ಟೈ ರಾಡ್ ಎಂಡ್ ಮತ್ತು ನಕಲ್ ಸೇರುವ ಕಡೆ ಬೆರಳು ಇಡಿ. ಎರಡೂ ಒಟ್ಟಿಗೆ ಅಲ್ಲಾಡಿದರೆ ಜಾಯಿಂಟ್ ಸರಿ ಇದೆ. ರಾಡ್ ಮೊದಲು, ನಕಲ್ ಆಮೇಲೆ ಅಲ್ಲಾಡಿದರೆ, ನಡುವೆ ಟಿಕ್ ಅಂತ ಬೆರಳಿಗೆ ತಗುಲಿದರೆ, ಅದೇ ಕಳ್ಳ. ಬಳಿಕ ರ್ಯಾಕ್ ಬೂಟನ್ನು ಹೊರಗಿನಿಂದಲೇ ಹಿಸುಕಿ ಒಳಗಿನ ಗುಂಡನ್ನು ಹಿಡಿದು ನೋಡಿ, ಅದೇ ಆಟ ಅಲ್ಲೂ ಇದೆಯಾ ಅಂತ. ಕಣ್ಣಿಗಿಂತ ಬೆರಳನ್ನು ನಂಬಿ. ಅರ್ಧ ಮಿಲಿಮೀಟರ್ ಆಟ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ.

ಈಗ ಜಾಕ್ ಹಾಕಿ ಚಕ್ರ ಎತ್ತಿ, ಮುಂದೆ ಹೇಳುವ ಹಾಗೆ ಸ್ಟ್ಯಾಂಡ್ ಮೇಲೆ ಕೂರಿಸಿ. ಟೈರನ್ನು ಗಡಿಯಾರ ಅಂದುಕೊಂಡು 9 ಮತ್ತು 3 ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ರ್ಯಾಕ್ ಎಂಡ್ ಕಡೆ ಬೊಟ್ಟು ಮಾಡುತ್ತದೆ. ಆಮೇಲೆ 12 ಮತ್ತು 6ರಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಆಟ ಇದ್ದರೆ ಬಾಲ್ ಜಾಯಿಂಟ್ ಇರಬಹುದು, ವೀಲ್ ಬೇರಿಂಗ್ ಕೂಡ ಇರಬಹುದು. ಎರಡನ್ನು ಬೇರೆ ಮಾಡಲು ಸುಲಭದ ದಾರಿ ಇದೆ. ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಜಾಯಿಂಟ್. ಇದನ್ನು ಮಾಡದೆ ಬೇರಿಂಗ್ ಹೋದ ಕಾರಿಗೆ ಲೋವರ್ ಆರ್ಮ್ ಹಾಕಿದವರು ಬೇಕಾದಷ್ಟು ಜನ ಇದ್ದಾರೆ.

ನಿಮ್ಮ ಮೂರು ಲಕ್ಷಣಗಳಲ್ಲಿ ಸ್ಟೀರಿಂಗ್ ಸಡಿಲ, ಟೈರ್ ಅಂಚು ಸವೆತ ಇವೆರಡೂ ಟೈ ರಾಡ್ ಕಡೆಯವೇ. ಟೈರಿನ ಮೇಲೆ ಅಂಗೈ ಆಡಿಸಿ ನೋಡಿ. ಒಳಗಿನಿಂದ ಹೊರಕ್ಕೆ ನುಣುಪಾಗಿ, ಹೊರಗಿನಿಂದ ಒಳಕ್ಕೆ ಗರಗಸದ ಹಾಗೆ ಚುಚ್ಚಿದರೆ, ಅಥವಾ ಅದಕ್ಕೆ ತಿರುಗಾಮುರುಗಾ ಇದ್ದರೆ, ಚಕ್ರ ನೇರ ಉರುಳದೆ ಓರೆಯಾಗಿ ಉಜ್ಜಿಕೊಂಡು ಹೋಗುತ್ತಿದೆ ಅಂತ ಅರ್ಥ. ಆದರೆ ಗುಂಡಿಗೆ ಇಳಿದಾಗಿನ ಟಕ್ ಸದ್ದಿನ ಮೇಲೆ ನನಗೆ ಅನುಮಾನ ಇದೆ. ಅದು ಟೈ ರಾಡ್ ಎಂಡಿನದೇ ಇರಬಹುದು. ಆರ್ಮಿನ ಬುಷ್ (ಬೋಲ್ಟ್ ಸುತ್ತಿನ ರಬ್ಬರ್), ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರಿನ ಬುಷ್, ಶಾಕ್ ಅಬ್ಸಾರ್ಬರ್ ಇರುವ ಸ್ಟ್ರಟ್ ಮೇಲಿನ ಮೌಂಟ್ ಇವೂ ಇದೇ ಸದ್ದು ಮಾಡುತ್ತವೆ. ಟೈ ರಾಡ್ ಎಂಡ್ ಹಾಕಿದ ಮೇಲೂ ಸದ್ದು ಉಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಸದ್ದಿಗಿಂತ ಪ್ಲೇ ಮುಖ್ಯ.

ಇನ್ನೊಂದು ಮಾತು. ಎಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಅದಕ್ಕೆ ಮೊದಲ ಮದ್ದು ವೀಲ್ ಬ್ಯಾಲೆನ್ಸಿಂಗ್. ಅದಕ್ಕೂ ಟೈ ರಾಡ್ ಎಂಡಿನ ಮೇಲೆ ಗೂಬೆ ಕೂರಿಸುವುದುಂಟು.

ಸಾಮಾನಿನ ವಿಷಯ. ಪ್ಲೇ ಒಂದೇ ಕಡೆ ಇದ್ದರೆ ಒಂದೇ ಬದಲಿಸಿದರೂ ನಡೆಯುತ್ತದೆ, ಜೋಡಿಯಾಗಿಯೇ ಹಾಕಬೇಕು ಅನ್ನುವ ಕಾನೂನು ಇಲ್ಲ. ಆದರೂ ನಿಮ್ಮ ಕಾರಿಗೆ ನಾನು ಎರಡನ್ನೂ ಹಾಕಿ ಅನ್ನುತ್ತೇನೆ. ಎರಡೂ ಒಂದೇ ವಯಸ್ಸಿನವು, ಒಂದೇ ಕಲ್ಲು ದಾರಿ ತಿಂದವು. ಹೇಗೂ ಅಲೈನ್‌ಮೆಂಟ್‌ಗೆ ದುಡ್ಡು ಕೊಡಲೇಬೇಕು. ಇವತ್ತು ಒಂದು, ಆರು ತಿಂಗಳಿಗೆ ಇನ್ನೊಂದು ಅಂದರೆ ಎರಡು ಸಲ ಕೊಡಬೇಕಾಗುತ್ತದೆ.

ಕೊಳ್ಳುವಾಗ ಕಂಪನಿಯ ಅಸಲಿ ಭಾಗ ಅಥವಾ ರಾಣೆಯಂಥ ಹೆಸರಿರುವ ತಯಾರಕರದ್ದು ತಗೊಳ್ಳಿ. ಪೆಟ್ಟಿಗೆ ನೋಡಿ ಮೋಸ ಹೋಗಬೇಡಿ. ವಾಹನದ ಬಿಡಿಭಾಗ ಮಾರುವ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಊರಿನ ಸಣ್ಣ ಅಂಗಡಿಯವರೆಗೆ, ಅಸಲಿಯ ಪಕ್ಕದಲ್ಲೇ ಅಸಲಿಯ ಹಾಗೆ ಕಾಣುವುದೂ ಸಿಗುತ್ತದೆ. ಹೊಸ ಜಾಯಿಂಟಿನ ಸ್ಟಡ್ ಹಿಡಿದು ಅಲ್ಲಾಡಿಸಿ. ಒಳ್ಳೆಯದಾದರೆ ಬಿಗಿಯಾಗಿರುತ್ತದೆ, ಬಲ ಹಾಕಿದರೆ ಒಂದೇ ಸಮ ತಿರುಗುತ್ತದೆ. ಕೈ ಬಿಟ್ಟರೆ ಸ್ಟಡ್ ತಾನಾಗೇ ವಾಲಿ ಬೀಳುವಂತಿದ್ದರೆ ಬೇಡ ಅನ್ನಿ. ಹೊಸ ನಟ್, ಹೊಸ ಸ್ಪ್ಲಿಟ್ ಪಿನ್ (ನಟ್ ಕಳಚದಂತೆ ತಡೆಯುವ ಸೀಳು ಪಿನ್) ಜೊತೆಗೆ ಇದೆಯಾ ನೋಡಿ.

ಕೆಲವು ಕಡೆ ಹಳೆಯ ಜಾಯಿಂಟಿನ ತಲೆಗೆ ಸುತ್ತಿಗೆಯಿಂದ ಪಂಚ್ ಹೊಡೆದು ಬಿಗಿ ಮಾಡಿಕೊಡುತ್ತಾರೆ. ಇನ್ನು ಕೆಲವು ಕಡೆ ಬೂಟಿಗೆ ಸೂಜಿ ಚುಚ್ಚಿ ಗ್ರೀಸ್ ತುಂಬುತ್ತಾರೆ. ಹಳೆಯ ಜೀಪುಗಳ ಜಾಯಿಂಟಿಗೆ ಗ್ರೀಸ್ ನಿಪ್ಪಲ್ ಇರುತ್ತಿತ್ತು, ಅದಕ್ಕೆ ಆಗಾಗ ಗ್ರೀಸ್ ಹೊಡೆಯುವುದು ಸರಿಯಾದ ಕ್ರಮವೇ. ಈಗಿನ ಕಾರುಗಳದ್ದು ಮುಚ್ಚಿದ ಜಾಯಿಂಟ್. ಒಳಗಿನ ಪ್ಲಾಸ್ಟಿಕ್ ಸೀಟು ಸವೆದ ಮೇಲೆ ಗ್ರೀಸ್ ಆ ಜಾಗ ತುಂಬಿ ಒಂದೆರಡು ವಾರ ಸದ್ದು ಮುಚ್ಚುತ್ತದೆ ಅಷ್ಟೇ. ಸವೆತ ಹಾಗೇ ಇರುತ್ತದೆ. ನಿಮಗೆ ಮಾತ್ರ ಗೊತ್ತಾಗುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಹಿಂದಿನ ಸಂಜೆಯೇ ಟೈ ರಾಡ್ ಎಂಡಿನ ಥ್ರೆಡ್, ಅದನ್ನು ರಾಡಿನ ಮೇಲೆ ಅಲುಗದಂತೆ ಹಿಡಿಯುವ ಲಾಕ್ ನಟ್, ಸ್ಟಡ್ಡಿನ ನಟ್ ಮೂರನ್ನೂ ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಮಲೆನಾಡಿನ ಮಳೆ ಕಂಡ ಕಾರಿಗೆ ಇದು ಬೇಕೇ ಬೇಕು. ಕೆಸರು ಒಣಗಿ ಲಾಕ್ ನಟ್ ಯಾವುದು ರಾಡ್ ಯಾವುದು ಗೊತ್ತಾಗದಷ್ಟು ಆಗಿರುತ್ತದೆ.

ಕಾರು ಎತ್ತುವುದರಲ್ಲಿ ಯಾವ ರಾಜಿಯೂ ಬೇಡ. ಕಾರಿನ ಜೊತೆ ಬರುವ ಕತ್ತರಿ ಜಾಕ್ ಇರುವುದು ಸ್ಟೆಪ್ನಿ ಹಾಕುವುದಕ್ಕೆ, ಅದರ ನಂಬಿಕೆಯಲ್ಲಿ ಕೈ ತಲೆ ಒಳಗೆ ಹಾಕುವುದಕ್ಕಲ್ಲ. ಅದರಲ್ಲೂ ಈ ಕೆಲಸದಲ್ಲಿ ಸುತ್ತಿಗೆ ಏಟು ಇದೆ, ಜಗ್ಗಾಟ ಇದೆ. ಜಾಕ್ ಸ್ಟ್ಯಾಂಡ್ ಕೊಳ್ಳಿ, ಒಂದು ಜೊತೆ ಜನ್ಮಕ್ಕೆ ಸಾಕು. ಅಂಗಳದಲ್ಲಿ ಸಿಗುವ ಜಂಬಿಟ್ಟಿಗೆ ಕಲ್ಲನ್ನೋ, ಟೊಳ್ಳು ಸಿಮೆಂಟ್ ಬ್ಲಾಕನ್ನೋ ಕಾರಿನಡಿ ಇಟ್ಟು ಕೆಲಸ ಮಾಡುವವರನ್ನು ನೋಡುತ್ತೇವೆ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಗೋಡೆಯಲ್ಲಿ ಹರಡಿದ ಭಾರ ಹೊರುವ ಕಲ್ಲು ಒಂದು ಮೂಲೆಯ ಮೇಲಿನ ಭಾರಕ್ಕೆ ಸಿಡಿದು ಹೋಗುತ್ತದೆ.

ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದ್ದರೆ ಅದೇ ಒಳ್ಳೆಯ ಜಾಗ, ಸಮತಟ್ಟಾಗಿರಬೇಕು ಅಷ್ಟೇ. ಮಣ್ಣಿನ ನೆಲವಾದರೆ ಸ್ಟ್ಯಾಂಡ್ ಅಡಿ ದಪ್ಪ ಹಲಗೆ ಹಾಕಿ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ ಹಿಡಿಯುವುದು, ಹಾಗಾಗಿ ಅದನ್ನು ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಉರುಳದಂತೆ ಅಡ್ಡ ಕೊಟ್ಟು, ಮೊದಲ ಗೇರಿನಲ್ಲಿ ಬಿಡಿ. ಚಕ್ರದ ನಟ್ಟುಗಳನ್ನು ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಎತ್ತಿ. ಮ್ಯಾನುಯಲ್‌ನಲ್ಲಿ ತೋರಿಸಿದ ಜಾಗಕ್ಕೇ ಸ್ಟ್ಯಾಂಡ್ ಕೊಡಿ. ಸ್ಟ್ಯಾಂಡ್ ಮೇಲೆ ಕೂತ ಕಾರನ್ನು ಒಮ್ಮೆ ಜೋರಾಗಿ ತಳ್ಳಿ ನೋಡಿ. ಬೀಳುವುದಿದ್ದರೆ ಈಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗೆ ಅಡ್ಡ ಮಲಗಿಸಿಡಿ. ಏನಾದರೂ ಜಾರಿದರೆ ಅದು ನಿಮ್ಮನ್ನು ಉಳಿಸುತ್ತದೆ.

ಈಗ ಇಡೀ ಕೆಲಸದ ಜೀವ ಇರುವ ಜಾಗಕ್ಕೆ ಬಂದೆವು: ಅಳತೆ. ಟೈ ರಾಡ್ ಎಂಡ್ ರಾಡಿನ ಮೇಲೆ ಎಷ್ಟು ಒಳಗೆ ಕೂತಿದೆ ಅನ್ನುವುದೇ ಆ ಚಕ್ರದ ಟೋ, ಅಂದರೆ ಚಕ್ರದ ಮೂಗು ಒಳಕ್ಕೆ ನೋಡುತ್ತದಾ ಹೊರಕ್ಕೆ ನೋಡುತ್ತದಾ ಅನ್ನುವುದನ್ನು ತೀರ್ಮಾನ ಮಾಡುತ್ತದೆ. ಒಂದು ಲೆಕ್ಕ ಮಾಡೋಣ. ಥ್ರೆಡ್ ಸುತ್ತಿಗೆ 1.25 ಮಿ.ಮೀ. ಅಂತ ಇಟ್ಟುಕೊಳ್ಳಿ, ನಕಲ್‌ನ ಕಿವಿ ಚಕ್ರ ತಿರುಗುವ ಅಕ್ಷದಿಂದ 120 ಮಿ.ಮೀ. ದೂರ ಅಂತ ಇಟ್ಟುಕೊಳ್ಳಿ. ಒಂದು ಪೂರ್ತಿ ಸುತ್ತು ವ್ಯತ್ಯಾಸವಾದರೆ ಚಕ್ರ ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ ತಿರುಗುತ್ತದೆ. 13 ಇಂಚಿನ ರಿಮ್ಮಿನ ಮುಂದಿನ ಅಂಚು ಹಿಂದಿನ ಅಂಚಿಗಿಂತ ಸುಮಾರು 3.4 ಮಿ.ಮೀ. ಸರಿದಂತಾಯಿತು. ಸಣ್ಣ ಕಾರುಗಳಲ್ಲಿ ಎರಡೂ ಚಕ್ರ ಸೇರಿ ಕಂಪನಿ ಹೇಳುವ ಟೋ ಸಾಮಾನ್ಯವಾಗಿ ಸೊನ್ನೆಯ ಆಚೀಚೆ ಒಂದೆರಡು ಮಿಲಿಮೀಟರ್ ಮಾತ್ರ. ಅಂದರೆ ಒಂದೇ ಒಂದು ಸುತ್ತು ತಪ್ಪಿದರೂ ಹೊಸ ಟೈರನ್ನು ಉಜ್ಜಿ ಹಾಕಲು ಸಾಕು.

ಅದಕ್ಕೇ ಎರಡು ಬಗೆಯ ಗುರುತು ಇಟ್ಟುಕೊಳ್ಳಿ. ಮೊದಲನೆಯದು, ಹಳೆಯ ಜಾಯಿಂಟಿನ ಸ್ಟಡ್ ನಡುವಿನಿಂದ ರಾಡಿನ ಮೇಲಿನ ಒಂದು ಖಾಯಂ ಗುರುತಿಗೆ ಇರುವ ದೂರ. ರಾಡಿನ ಮೇಲೆ ಬಿಳಿ ಪೇಂಟಿನ ಗೆರೆ ಎಳೆದು, ವರ್ನಿಯರ್ ಇದ್ದರೆ ಅದರಿಂದ, ಇಲ್ಲದಿದ್ದರೆ ಸ್ಟೀಲ್ ಸ್ಕೇಲಿನಿಂದ ಅಳೆದು ಬರೆದಿಡಿ. ಎರಡನೆಯದು, ಬಿಚ್ಚುವಾಗ ಎಷ್ಟು ಸುತ್ತಿಗೆ ಕಳಚಿತು ಅನ್ನುವ ಎಣಿಕೆ. ಸುತ್ತು ಮಾತ್ರ ಎಣಿಸಿದರೆ ಸಾಲದು. ಹೊಸ ಜಾಯಿಂಟಿನ ಮೈ ಹಳೆಯದಕ್ಕಿಂತ ಒಂದು ಮಿಲಿಮೀಟರ್ ಉದ್ದ ಇದ್ದರೆ, ಥ್ರೆಡ್ ಶುರುವಾಗುವ ಜಾಗ ಬೇರೆ ಇದ್ದರೆ, ಅದೇ ಸುತ್ತು ಹಾಕಿದರೂ ಅಳತೆ ತಪ್ಪುತ್ತದೆ. ಲಾಕ್ ನಟ್ ಇದ್ದಲ್ಲೇ ಇರಲಿ, ಅದಕ್ಕೆ ತಾಗಿಸಿ ಹೊಸದು ಹಾಕಿದರಾಯಿತು ಅಂತ ಹೇಳುವವರಿದ್ದಾರೆ. ನಟ್ ಬಿಚ್ಚುವಾಗಲೇ ಕಾಲು ಸುತ್ತು ಸರಿದಿರುತ್ತದಲ್ವಾ?

ಅಳತೆ ಆದ ಮೇಲೆ ಮೊದಲು ಲಾಕ್ ನಟ್ ಸಡಿಲಿಸಿ, ಕಾಲು ಸುತ್ತು ಸಾಕು. ಜಾಯಿಂಟ್ ಇನ್ನೂ ನಕಲ್‌ಗೆ ಕಚ್ಚಿಕೊಂಡಿರುವಾಗಲೇ ಇದನ್ನು ಮಾಡಬೇಕು. ಜಾಯಿಂಟ್ ಬಿಡಿಸಿದ ಮೇಲೆ ಹೋದರೆ ರಾಡ್ ನೇತಾಡುತ್ತಿರುತ್ತದೆ, ಹಿಡಿತ ಸಿಗುವುದಿಲ್ಲ. ರಾಡಿನ ಮೇಲೆ ಸ್ಪ್ಯಾನರ್ ಕೂರಿಸಲು ಚಪ್ಪಟೆ ಜಾಗ ಇರುತ್ತದೆ. ಅಲ್ಲಿ ಒಂದು ಸ್ಪ್ಯಾನರ್ ಹಿಡಿದು, ಇನ್ನೊಂದರಿಂದ ನಟ್ ತಿರುಗಿಸಿ. ರಾಡೇ ತಿರುಗಲು ಬಿಟ್ಟರೆ ರ್ಯಾಕ್ ಬೂಟ್ ತಿರುಚಿಕೊಂಡು ಹರಿಯುತ್ತದೆ. ಬೂಟಿನ ಹೊರಗಿನ ಕ್ಲಿಪ್ ಸರಿಸಿಟ್ಟರೆ ಇನ್ನೂ ಒಳ್ಳೆಯದು. ವ್ಯಾಗನ್ ಆರ್‌ನಂಥ ಕಾರಿನಲ್ಲಿ ಮಾಮೂಲು ದಿಕ್ಕಿನ ಥ್ರೆಡ್ ಇರುತ್ತದೆ. ಹಳೆಯ ಜೀಪುಗಳ ಉದ್ದದ ಟೈ ರಾಡ್ ಒಂದು ತುದಿ ಬಲ, ಇನ್ನೊಂದು ತುದಿ ಎಡ ಥ್ರೆಡ್. ಅಂಥ ಗಾಡಿಯಲ್ಲಿ ಕೆಲಸ ಕಲಿತವರು ಇದ್ದರೆ ಅವರಿಗೆ ಗೊಂದಲ ಆಗಬಹುದು.

ಆಮೇಲೆ ಸ್ಪ್ಲಿಟ್ ಪಿನ್ ನೇರ ಮಾಡಿ ಎಳೆಯಿರಿ. ನಟ್ ಸಡಿಲಿಸಿ, ಆದರೆ ಪೂರ್ತಿ ತೆಗೆಯಬೇಡಿ. ಸ್ಟಡ್ಡಿನ ತುದಿಯ ಮಟ್ಟಕ್ಕೆ ಬರುವಷ್ಟು ಬಿಡಿ. ಜಾಯಿಂಟ್ ಹಠಾತ್ತಾಗಿ ಕಳಚಿದಾಗ ಅದು ಮುಖಕ್ಕೆ ಹಾರದ ಹಾಗೆ ನಟ್ ಹಿಡಿಯುತ್ತದೆ.

ಇಲ್ಲಿ ಹೊಸಬರು ಕಂಗಾಲಾಗುತ್ತಾರೆ. ನಟ್ ಬಿಚ್ಚಿದರೂ ಜಾಯಿಂಟ್ ಅಲುಗುವುದಿಲ್ಲ! ಸ್ಟಡ್ ಕೋನಾಕಾರದ್ದು, ಅಂದರೆ ಟೇಪರ್. ನಕಲ್‌ನ ತೂತೂ ಅದೇ ಕೋನದ್ದು. ನಟ್ ಬಿಗಿದಾಗ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಒಂದೇ ತುಂಡಿನ ಹಾಗಾಗುತ್ತವೆ. ಹಿಡಿದಿರುವುದು ಆ ಕಚ್ಚುವಿಕೆ, ನಟ್ ಅಲ್ಲ. ಅದನ್ನು ಬಿಡಿಸಲು ಬಾಲ್ ಜಾಯಿಂಟ್ ಪುಲ್ಲರ್ ಒಳ್ಳೆಯದು. ಒಂದು ತೋಳು ಕಿವಿಗೂ ಜಾಯಿಂಟಿನ ಮೈಗೂ ನಡುವೆ, ಬೋಲ್ಟ್ ಸ್ಟಡ್ಡಿನ ತುದಿಗೆ. ನಿಧಾನ ಬಿಗಿಯುತ್ತ ಹೋದರೆ ಒಂದು ಹಂತದಲ್ಲಿ ಗುಂಡು ಹೊಡೆದಂಥ ಸದ್ದಿನೊಂದಿಗೆ ಬಿಡುತ್ತದೆ. ಹೆದರಬೇಡಿ, ಆ ಸದ್ದು ಸಹಜ.

ಪುಲ್ಲರ್ ಇಲ್ಲದಿದ್ದರೆ ಎರಡು ಸುತ್ತಿಗೆಯ ವಿದ್ಯೆ ಇದೆ. ಒಂದು ಭಾರದ ಸುತ್ತಿಗೆಯನ್ನು ಕಿವಿಯ ಒಂದು ಪಕ್ಕಕ್ಕೆ ಒತ್ತಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದರಿಂದ ಬಲವಾಗಿ ಹೊಡೆಯಬೇಕು. ಏಟಿಗೆ ತೂತು ಒಂದು ಕ್ಷಣ ಅಂಡಾಕಾರವಾಗಿ, ಟೇಪರ್ ಹಿಡಿತ ಬಿಡುತ್ತದೆ. ಹೊಡೆಯುವುದು ನಕಲ್‌ನ ಕಿವಿಗೆ, ಸ್ಟಡ್ಡಿನ ತುದಿಗಲ್ಲ. ಸ್ಟಡ್ಡಿಗೆ ಹೊಡೆದರೆ ಅದರ ತಲೆ ಅಗಲವಾಗಿ ನಟ್ ಹೊರಗೆ ಬರುವುದಿಲ್ಲ. ಪಕ್ಕದಲ್ಲೇ ಬ್ರೇಕ್ ಹೋಸ್ ಇರುತ್ತದೆ, ಎಬಿಎಸ್ ಇರುವ ಕಾರಾದರೆ ಸೆನ್ಸರ್ ವೈರೂ ಇರುತ್ತದೆ, ಅವುಗಳ ಮೇಲೆ ಕಣ್ಣಿರಲಿ. ಕಣ್ಣಿಗೆ ಕನ್ನಡಕವೂ ಇರಲಿ. ಕವಲು ಬಾಯಿಯ ಫೋರ್ಕ್ ಬಡಿದು ಬಿಡಿಸುವುದೂ ಒಂದು ದಾರಿ, ಆದರೆ ಅದು ಬೂಟನ್ನು ಹರಿದೇ ಬಿಡುತ್ತದೆ. ಹಳೆಯದು ಹೇಗೂ ಕಸಕ್ಕೆ ಹೋಗುವುದಾದರೆ ಪರವಾಗಿಲ್ಲ. ಗ್ಯಾಸ್ ಬೆಂಕಿ ಹಿಡಿಯುವ ಯೋಚನೆ ಮಾತ್ರ ಮನೆಯಲ್ಲಿ ಬೇಡ. ಸುತ್ತ ರಬ್ಬರು, ಗ್ರೀಸು, ಬ್ರೇಕ್ ಆಯಿಲ್.

ಜಾಯಿಂಟ್ ಬಿಟ್ಟ ಮೇಲೆ ಸುತ್ತು ಎಣಿಸುತ್ತ ಬಿಚ್ಚಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ: ಉದ್ದ, ಬಾಗು, ಥ್ರೆಡ್, ಟೇಪರಿನ ದಪ್ಪ. ಟೇಪರ್ ಚೂರು ಬೇರೆ ಇದ್ದರೂ ಹಾಕಬೇಡಿ, ಅಂಗಡಿಗೆ ವಾಪಸ್ ಹೋಗಿ. ನಕಲ್‌ನ ತೂತನ್ನು ಬಟ್ಟೆಯಿಂದ ಒರೆಸಿ ಬೆಳಕು ಹಿಡಿದು ನೋಡಿ. ಒಳಗೆ ಒಂದೇ ಸಮ ಹೊಳಪಿದ್ದರೆ ಸರಿ. ತೂತು ಅಗಲವಾಗಿ ಒಂದು ಕಡೆ ತಿಂದುಹೋಗಿದ್ದರೆ ಹಿಂದೆ ಯಾರೋ ನಟ್ ಸರಿಯಾಗಿ ಬಿಗಿಯದೆ ಓಡಿಸಿದ್ದಾರೆ. ಆಗ ನಕಲ್ಲೇ ಬದಲಿಸಬೇಕು, ಹೊಸ ಜಾಯಿಂಟ್ ಹಾಕಿ ಏನೂ ಪ್ರಯೋಜನವಿಲ್ಲ.

ರಾಡಿನ ಥ್ರೆಡ್ಡಿಗೆ ಚೂರು ಗ್ರೀಸ್ ಸವರಿ. ಮುಂದಿನ ಸಲ ಬಿಚ್ಚುವವರು ನಿಮಗೆ ಒಳ್ಳೆಯ ಮಾತು ಹೇಳುತ್ತಾರೆ. ಆದರೆ ಟೇಪರಿಗೆ ಗ್ರೀಸ್ ಹಚ್ಚಲೇಬೇಡಿ. ಅದು ಒಣಗಿ, ಶುಭ್ರವಾಗಿ ಕೂರಬೇಕು. ಹೊಸದನ್ನು ಅಷ್ಟೇ ಸುತ್ತು ಹಾಕಿ, ಬರೆದಿಟ್ಟ ದೂರಕ್ಕೆ ಹೋಲಿಸಿ, ಬೇಕಾದರೆ ಅರ್ಧ ಸುತ್ತು ಹಿಂದೆ ಮುಂದೆ ಮಾಡಿ. ಎಣಿಕೆಗೂ ಅಳತೆಗೂ ತಾಳೆ ಆಗದಿದ್ದರೆ ಅಳತೆಯನ್ನು ನಂಬಿ.

ಸ್ಟಡ್ ನಕಲ್‌ಗೆ ಸೇರಿಸಿ ನಟ್ ಬಿಗಿಯಿರಿ. ಹೊಸ ಜಾಯಿಂಟಿನ ಸ್ಟಡ್ ಕೆಲವೊಮ್ಮೆ ನಟ್ಟಿನ ಜೊತೆ ತಾನೂ ತಿರುಗುತ್ತದೆ. ಆಗ ಜಾಯಿಂಟಿನ ತಲೆಯನ್ನು ಒತ್ತಿ ಹಿಡಿದರೆ ಟೇಪರ್ ಕಚ್ಚಿಕೊಂಡು ನಿಲ್ಲುತ್ತದೆ. ಎಷ್ಟು ಬಿಗಿ ಅನ್ನುವುದನ್ನು ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ ನೋಡಿ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದಲೇ ಹಾಕಿ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 35ರಿಂದ 50 ನ್ಯೂಟನ್ ಮೀಟರ್ ಒಳಗೆ ಇರುತ್ತದೆ. ಕಾಲಿಟ್ಟು ತುಳಿಯುವಷ್ಟು ಬೇಕಿಲ್ಲ. ಕಿರೀಟದ ಹಾಗೆ ಸೀಳಿರುವ ನಟ್ಟಾದರೆ ಪಿನ್ನಿನ ತೂತು ಸೀಳಿಗೆ ಸರಿಹೊಂದುವವರೆಗೆ ಮುಂದಕ್ಕೆ ಬಿಗಿಯಿರಿ. ತೂತು ಸಿಗಲಿಲ್ಲ ಅಂತ ಹಿಂದಕ್ಕೆ ಸಡಿಲಿಸುವುದು ತಪ್ಪು. ಹೊಸ ಸ್ಪ್ಲಿಟ್ ಪಿನ್ ಹಾಕಿ ಎರಡು ಕಾಲನ್ನೂ ಮಡಚಿ. ಹಳೆಯ ಪಿನ್ನನ್ನೇ ನೇರ ಮಾಡಿ ಹಾಕುವುದು, ಪಿನ್ನಿನ ಬದಲು ಮೊಳೆ ಅಥವಾ ತಂತಿ ತೂರಿಸುವುದು, ಇವೆಲ್ಲ ಬೇಡ. ನೈಲಾನ್ ಬಳೆ ಇರುವ ನಟ್ಟಾದರೆ ಪಿನ್ ಇರುವುದಿಲ್ಲ, ಆದರೆ ಆ ನಟ್ ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸಬಾರದು.

ಕೊನೆಗೆ ಲಾಕ್ ನಟ್. ಇದನ್ನು ಬಿಗಿಯುವಾಗ ಜಾಯಿಂಟಿನ ಮೈ ಒಂದು ಕಡೆಗೆ ವಾಲಿಕೊಳ್ಳುತ್ತದೆ. ವಾಲಿದಂತೆಯೇ ಬಿಟ್ಟರೆ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವಾಗ ಸ್ಟಡ್ ಒಂದು ಅಂಚಿಗೆ ಬಡಿಯುತ್ತ ಬೇಗ ಸವೆಯುತ್ತದೆ. ಜಾಯಿಂಟನ್ನು ಅದರ ಆಟದ ನಡುವಿನಲ್ಲಿ ಹಿಡಿದು ನಟ್ ಬಿಗಿಯಿರಿ. ರ್ಯಾಕ್ ಬೂಟ್ ತಿರುಚಿದೆಯಾ ನೋಡಿ ಕ್ಲಿಪ್ ಸರಿ ಮಾಡಿ. ಚಕ್ರ ಹಾಕಿ, ಕಾರು ಇಳಿಸಿ, ನಾಲ್ಕು ನಟ್ಟನ್ನು ಎದುರುಬದುರು ಕ್ರಮದಲ್ಲಿ ಬಿಗಿಯಿರಿ. ಬಲಗಡೆಗೂ ಇದೇ ಕಥೆ.

ಅಲೈನ್‌ಮೆಂಟ್ ಅಂಗಡಿ ನಿಮಗೆ ಸಾಗರ ಪೇಟೆಯಲ್ಲೋ ಶಿವಮೊಗ್ಗದಲ್ಲೋ ಸಿಗಬೇಕು. ಅಲ್ಲಿಯವರೆಗೆ ಕಾರು ನೆಟ್ಟಗೆ ಹೋಗಬೇಕಲ್ಲ, ಅದಕ್ಕೆ ಮನೆಯಲ್ಲೇ ಒಂದು ಒರಟು ಪರೀಕ್ಷೆ ಮಾಡಿ. ಕಾರನ್ನು ಒಂದಿಷ್ಟು ಹಿಂದೆ ಮುಂದೆ ಉರುಳಿಸಿ. ಜಾಕ್ ಇಳಿಸಿದ ತಕ್ಷಣ ಚಕ್ರಗಳು ಸಹಜ ನಿಲುವಿನಲ್ಲಿ ಇರುವುದಿಲ್ಲ. ಸ್ಟೀರಿಂಗ್ ನೇರ ಇಟ್ಟು, ಎರಡೂ ಮುಂದಿನ ಟೈರಿನ ಮುಂಭಾಗದಲ್ಲಿ, ಚಕ್ರದ ನಡುವಿನ ಎತ್ತರದಲ್ಲಿ, ಸೀಮೆಸುಣ್ಣದಿಂದ ಒಂದೊಂದು ಗೆರೆ ಹಾಕಿ. ಎರಡು ಗೆರೆಗಳ ನಡುವಿನ ದೂರ ಟೇಪಿನಿಂದ ಅಳೆಯಿರಿ. ಕಾರನ್ನು ಮುಂದಕ್ಕೆ ತಳ್ಳಿ, ಅವೇ ಗೆರೆಗಳು ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬರುವಂತೆ ಮಾಡಿ, ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಟೋ. ಒಂದೆರಡು ಮಿಲಿಮೀಟರ್ ಒಳಗೆ ಇದ್ದರೆ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು. ಐದಾರು ಮಿಲಿಮೀಟರ್ ಬಂದರೆ ಎಲ್ಲೋ ಎಣಿಕೆ ತಪ್ಪಿದೆ, ಸರಿಮಾಡಿಕೊಂಡೇ ಹೊರಡಿ. ಇದೇ ಸಾಕು, ಅಂಗಡಿ ಯಾಕೆ ಅನ್ನಬೇಡಿ. ಟೇಪಿನ ಅಳತೆ ಎರಡೂ ಚಕ್ರದ ಒಟ್ಟು ಲೆಕ್ಕ ಹೇಳುತ್ತದೆ, ಯಾವ ಚಕ್ರ ಎಷ್ಟು ಅನ್ನುವುದನ್ನು ಹೇಳುವುದಿಲ್ಲ.

ಅಲೈನ್‌ಮೆಂಟ್ ಮುಗಿದ ಮೇಲೆ ಅಲ್ಲೇ ಬಗ್ಗಿ ಎರಡೂ ಲಾಕ್ ನಟ್ ಬಿಗಿದಿದ್ದಾರಾ ಅಂತ ನೀವೇ ಕೈಯಿಟ್ಟು ನೋಡಿ. ಸಂಕೋಚ ಬೇಡ. ಅವಸರದಲ್ಲಿ ಬೆರಳ ಬಿಗಿಗೆ ಬಿಟ್ಟುಬಿಡುವುದು ಅಪರೂಪ ಏನಲ್ಲ. ಸ್ಟೀರಿಂಗ್ ಚಕ್ರ ಒಂದು ಕಡೆಗೆ ವಾರೆ ಉಳಿದರೆ, ಎರಡೂ ಟೈ ರಾಡನ್ನು ಸಮವಾಗಿ ಹೊಂದಿಸಿ ನೆಟ್ಟಗೆ ಮಾಡಿ ಅನ್ನಿ. ಸ್ಟೀರಿಂಗ್ ಚಕ್ರವನ್ನೇ ಕಿತ್ತು ತಿರುಗಿಸಿ ಕೂರಿಸುವ ಅಡ್ಡದಾರಿಗೆ ಒಪ್ಪಬೇಡಿ. ಇಎಸ್‌ಸಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಹೊಸ ಕಾರುಗಳವರು ಸ್ಟೀರಿಂಗ್ ಆಂಗಲ್ ಸೆನ್ಸರ್ ಕೂಡ ಹೊಂದಿಸಿಕೊಳ್ಳಬೇಕಾಗಬಹುದು. ನಿಮಗೆ ಆ ತಲೆನೋವಿಲ್ಲ. ಒಂದು ವಾರ ಓಡಿಸಿದ ಮೇಲೆ ಚಕ್ರದ ನಟ್ಟು, ಲಾಕ್ ನಟ್ಟು ಮತ್ತೊಮ್ಮೆ ನೋಡಿ.

ಲೋವರ್ ಆರ್ಮ್ ಬಗ್ಗೆ. ಸುಜುಕಿಯ ಹಲವು ಕಾರುಗಳಲ್ಲಿ ಬಾಲ್ ಜಾಯಿಂಟ್ ಆರ್ಮಿಗೇ ಸೇರಿಕೊಂಡಿರುತ್ತದೆ. ಜಾಯಿಂಟ್ ಹೋದರೆ ಕಂಪನಿಯ ಲೆಕ್ಕದಲ್ಲಿ ಇಡೀ ಆರ್ಮ್ ಬದಲಿಸಬೇಕು. ಬರೀ ಜಾಯಿಂಟ್ ಒತ್ತಿ ಕೂರಿಸಿ ಕೊಡುತ್ತೇವೆ ಅನ್ನುವವರು ಇದ್ದಾರೆ. ಚಕ್ರ ಮಡಚುವ ಜಾಗದಲ್ಲಿ ಆ ಉಳಿತಾಯ ನನಗೆ ಇಷ್ಟವಿಲ್ಲ. ಮುಂದೆ ಎಂದಾದರೂ ನೀವೇ ಆರ್ಮ್ ಹಾಕುವುದಾದರೆ ಎರಡು ಸಂಗತಿ ಮರೆಯಬೇಡಿ. ನಕಲ್ ಹೊರಕ್ಕೆ ಎಳೆಯುವಾಗ, ಎಂಜಿನ್ನಿನ ಬಲ ಚಕ್ರಕ್ಕೆ ತರುವ ಡ್ರೈವ್ ಶಾಫ್ಟ್ ಜಗ್ಗಿ ಒಳಗಿನ ಜಾಯಿಂಟ್ ಕಳಚಬಾರದು. ಮತ್ತೆ, ಆರ್ಮಿನ ಬುಷ್ ಬೋಲ್ಟುಗಳ ಕೊನೆಯ ಬಿಗಿತ ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಆಗಬೇಕು. ಚಕ್ರ ನೇತಾಡುವಾಗಲೇ ಬಿಗಿದರೆ ಬುಷ್ಷಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗ್ಯಾರೇಜುಗಳಲ್ಲೂ ಇದನ್ನು ಮರೆಯುವವರೇ ಜಾಸ್ತಿ.

ರ್ಯಾಕ್ ಎಂಡ್ ಯಾಕೆ ಬೇಡ ಅಂದೆ? ಅದನ್ನು ರ್ಯಾಕಿನಿಂದ ಬಿಚ್ಚುವಾಗ ರ್ಯಾಕನ್ನು ಬೇರೆ ಸ್ಪ್ಯಾನರಿನಿಂದ ಹಿಡಿಯದಿದ್ದರೆ, ಆ ಬಲವೆಲ್ಲ ರ್ಯಾಕನ್ನು ಸರಿಸುವ ಸಣ್ಣ ಹಲ್ಲುಚಕ್ರದ, ಅಂದರೆ ಪಿನಿಯನ್ನಿನ, ಹಲ್ಲಿಗೆ ಹೋಗುತ್ತದೆ. ಬೀಗದ ವಾಷರ್ ಮಡಚಿರುತ್ತದೆ, ಉದ್ದದ ವಿಶೇಷ ಸಾಕೆಟ್ ಬೇಕು, ಜಾಗ ಇಕ್ಕಟ್ಟು. ಸ್ವಲ್ಪ ದುಡ್ಡು ಉಳಿಸಲು ಹೋಗಿ ರ್ಯಾಕ್ ಕೆಡಿಸಿಕೊಳ್ಳುವುದು ಬೇಡ.

ಇನ್ನು ಗ್ಯಾರೇಜಿನವರು ಹೇಳಿದ ರ್ಯಾಕ್. ಹೊಸ ಟೈ ರಾಡ್ ಎಂಡ್ ಹಾಕಿದ ಮೇಲೂ ಸ್ಟೀರಿಂಗ್ ಸಡಿಲ ಉಳಿದರೆ ಮಾತ್ರ ಅದರ ಮಾತು. ಆಗಲೂ ಮೊದಲು ಸ್ಟೀರಿಂಗ್ ಕಾಲಮ್ಮಿನ ಕೆಳಗಿನ ಯೂನಿವರ್ಸಲ್ ಜಾಯಿಂಟ್ (ಕಾಲಮ್ಮು ಬಾಗುವ ಕಡೆಯ ಕೀಲು) ನೋಡಿಸಿ, ಸಡಿಲ ಅಲ್ಲೂ ಹುಟ್ಟುತ್ತದೆ. ಆಮೇಲೆ ಗ್ಯಾರೇಜಿನಲ್ಲಿ ಕಾರು ಎತ್ತಿಸಿ, ಬೂಟ್ ಸರಿಸಿ, ರ್ಯಾಕ್ ತನ್ನ ಕೊಳವೆಯೊಳಗೆ ಮೇಲೆ ಕೆಳಗೆ ಅಲ್ಲಾಡುವುದನ್ನು ನಿಮ್ಮ ಕೈಗೇ ತೋರಿಸಲು ಹೇಳಿ. ತೋರಿಸಿದರೆ ಹಾಕಿಸಿ. ತೋರಿಸಲು ಆಗದಿದ್ದರೆ ಕಾರು ತಗೊಂಡು ಮನೆಗೆ ಬನ್ನಿ.